ಬೋರಮ್ಮನ ಮಂಡಿ ಮತ್ತು ಹರಳೆಣ್ಣೆ

ಹೆಗ್ಗನಹಳ್ಳಿಯ ಬೋರಮ್ಮ ಹಲಸಿನ ಹಣ್ಣು ಬಿಡಿಸುವುದನ್ನು ನೋಡಲೆಂದೇ ನಾವು ಹೆಂಗಸರು ಮಾಗಡಿ ರಸ್ತೆಯಲ್ಲಿ ನಿಲ್ಲುತ್ತಿದ್ದೆವು. ಕುಕ್ಕರುಗಾಲಿನಲ್ಲಿ ಕೂತು ಮಾತಿಗೊಂದು ತೊಳೆ ಬಿಡಿಸುತ್ತಿದ್ದಳು. ಮೊದಲ ತೊಳೆ ದೇವರಿಗೆಂದು ಪಕ್ಕಕ್ಕಿಡುವಳು. ಅದನ್ನು ಯಾರು ಕೇಳಿದರೂ ಕೊಡಳು.

ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಹಣ್ಣಿನ ಮಂಕರಿ ಹೊತ್ತು ಬರುವಾಗ ಎಡವಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡಳು. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ತಂತಿ ಹಾಕಿ ಜೋಡಿಸಬೇಕೆಂದರು. ಆಮೇಲೆ ನೋವಿಗೆ ಹೆದರಿ ಕಾಲು ಮಡಿಸದಿದ್ದರೆ ಮಂಡಿ ಬಿಗಿಯುತ್ತದೆ, ಮತ್ತೆ ಕುಕ್ಕರುಗಾಲು ಹಾಕಲಾಗದು. ಅದಕ್ಕೇ ನೋವು ಬಲಿಯುವ ಮುಂಚೆ, ಆಪರೇಷನ್ನಿಗೆ ಮೊದಲೇ ನೋವಿನ ಇಂಜೆಕ್ಷನ್ ಕೊಡುತ್ತೇವೆ ಎಂದರು.

“ಕಾಲ್ಗೆ ಹಲಗೆ ಕಟ್ಟಿದ್ಮೇಲೆ ನೋವೇ ಇಲ್ವಲ್ಲ ಸ್ವಾಮಿ. ಬರದಿರೋ ನೋವಿಗೆ ಔಷ್ದಿ ತಗಂಡ್ರೆ, ಬಾರಪ್ಪ ಅಂತ ಎಲೆ ಹಾಕಿ ಕರ್ದಂಗೆ. ಬಂದ್ಮೇಲೆ ಚುಚ್ಚಿ,” ಎಂದಳು ಬೋರಮ್ಮ.

“ಅವ್ಳು ಹೇಳಿದ್ದೇ ಶಾಸ್ತ್ರ ಸ್ವಾಮಿ,” ಎಂದ ಗಂಡ ಹನುಮಯ್ಯ. “ಮದ್ವೆ ಆದಾಗಿಂದ ನಾನೂ ಹಂಗೇ ಬದುಕಿವ್ನಿ.”

ಆಪರೇಷನ್ನಿನ ಹಿಂದಿನ ಸಂಜೆ ಹನುಮಯ್ಯ ವಾರ್ಡಿನವರಿಗೆಂದು ಒಂದು ಹಲಸಿನ ಹಣ್ಣು, ಜೊತೆಗೊಂದು ಮಚ್ಚು ತಂದ. ನರ್ಸ್ ಕೋಕಿಲಾ ಮಂಚದ ಪಕ್ಕದಲ್ಲೇ ಪೇಪರು ಹಾಸಿ, ಬರಿಗೈಯಲ್ಲಿ ಮಚ್ಚು ಎತ್ತಿಕೊಂಡಳು.

“ಏ ಹುಡ್ಗಿ, ಕೈಗೆ ಹರಳೆಣ್ಣೆ ಹಚ್ಕಳೇ!”

“ಅಂಟು ಇನ್ನೂ ಅಂಟಲೇ ಇಲ್ಲವಲ್ಲಮ್ಮ. ಅಂಟಿದ ಮೇಲೆ ಹಚ್ಚಿಕೊಂಡರಾಯಿತು.”

“ಅಂಟಿದ್ಮೇಲೆ ಸೀಸೆ ಎಣ್ಣೆ ಸುರುದ್ರೂ ಬೆರಳು ಬಿಡಲ್ಲ ಕಣೇ. ಎಣ್ಣೆ ಮೊದ್ಲು, ಹಣ್ಣು ಆಮೇಲೆ. ಇಷ್ಟೂ...” ಎಂದವಳು ಅಲ್ಲಿಗೇ ನಿಲ್ಲಿಸಿ ತನ್ನ ಮಂಡಿ ನೋಡಿಕೊಂಡಳು.

ಕೋಕಿಲಾ ತಲೆ ತಗ್ಗಿಸಿ ಮಚ್ಚು ಒರೆಸುತ್ತಿದ್ದಳು. ಮೊದಲು ನಕ್ಕವನು ಹನುಮಯ್ಯ.

“ನಗಾಡ್ಬ್ಯಾಡ, ಸುಮ್ಕಿರು,” ಎಂದು ಅವನನ್ನು ಗದರಿ, ನರ್ಸಿನ ಕಡೆ ತಿರುಗಿದಳು. “ಬೆಳಿಗ್ಗೆ ಚುಚ್ಚವ್ವ.”

ಆಪರೇಷನ್ ಆದ ಮೇಲೆ ನೋವು ಬರಲೇ ಇಲ್ಲವೆಂದಲ್ಲ. “ಬಂತು. ಆದ್ರೆ ಅಂಟ್ಕಳ್ಳಿಲ್ಲ,” ಎಂದಳು ನನ್ನೊಡನೆ. ಡಾಕ್ಟರು ಮಡಿಸೆಂದಾಗ ದೇವರ ಹೆಸರು ಹೇಳಿ ಮಡಿಸಿದಳು. ದಿನದಿಂದ ದಿನಕ್ಕೆ ಮಂಡಿ ಇನ್ನಷ್ಟು ಬಾಗಿತು.

ಮರುವರ್ಷ ಹಣ್ಣಿನ ಕಾಲಕ್ಕೆ ಬೋರಮ್ಮ ಅದೇ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನೋಡಲು ಬಂದ ಕೋಕಿಲಾ ಯಾರೂ ಹೇಳದೆಯೇ ಕೈಗೆ ಎಣ್ಣೆ ಸವರಿಕೊಂಡು, ನಾವು ನೋಡನೋಡುತ್ತಲೇ ಅರ್ಧ ಹಣ್ಣು ಬಿಡಿಸಿಟ್ಟಳು.

“ಎಲ್ಲಿ ಕಲ್ತೆಯೇ ಇದ್ನ?”

“ಚಿಕ್ಕಂದಿನಲ್ಲೇ, ಪುತ್ತೂರಲ್ಲಿ. ನಮ್ಮ ಹಿತ್ತಲ ತುಂಬ ಹಲಸಿನ ಮರಗಳೇ ಅಮ್ಮ.”

ಬೋರಮ್ಮ ಅವಳನ್ನೇ ದಿಟ್ಟಿಸಿದಳು. “ಕಳ್ಳಿ,” ಎಂದು, ಪಕ್ಕಕ್ಕಿಟ್ಟಿದ್ದ ಮೊದಲ ತೊಳೆಯನ್ನು ತೆಗೆದು ಅವಳ ಬಾಯಿಗಿಟ್ಟಳು.