ಪುಟ್ಟತಾಯಮ್ಮ ಚೀಪದೆ ಬಿಟ್ಟ ತಲೆ

ಪುಟ್ಟತಾಯಮ್ಮ ತೂಕಕ್ಕೆ ಅರ್ಧ ಮೂಟೆ ಕೊಬ್ಬರಿ, ಬಾಯಿಗೆ ಇಡೀ ಸಂತೆ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಹಲ್ಲು ಒಟ್ಟು ಮೂರು: ಮೇಲೆರಡು, ಕೆಳಗೊಂದು, ಅವೂ ಒಂದಕ್ಕೊಂದು ಎದುರಾಗಿರಲಿಲ್ಲ. ಹೊಳೆನರಸೀಪುರದ ಸೇತುವೆ ಹತ್ತಿರ ಹೇಮಾವತಿಯ ಮೀನು ಮಾರುತ್ತಿದ್ದಳು. ಕೈಯಾಡಿಸಿ ಕೊಳ್ಳದೆ ಹೋಗುವ ಗಿರಾಕಿಗೆ ಬೈಗುಳ ಪುಕ್ಕಟೆ.

೧೯೫೮ರ ಒಂದು ಶನಿವಾರ ಆಕೆಯ ಮಂಕರಿಯಿಂದ ಮೂರು ಮಾರು ದೂರದಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು, ಸುಪಾರ್ಶ್ವ ಮೇಷ್ಟ್ರು ಬಂದು ನಿಂತರು. ಚನ್ನರಾಯಪಟ್ಟಣದ ಜೈನರ ಮನೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಿಂದಿನ ವಾರ ಬಂದಿದ್ದ ಇನ್ಸ್‌ಪೆಕ್ಟರು, "ಮೀನಿನ ಪಾಠ ಬರೀ ಬಾಯಿಮಾತು. ಸೋಮವಾರ ಮತ್ತೆ ಬರ್ತೀನಿ. ಏನಾದರೂ ತೋರಿಸಿ ಪಾಠ ಮಾಡಿ, ಇಲ್ಲದಿದ್ದರೆ ಬೇರೆಯವರನ್ನ ನೋಡ್ತೀವಿ" ಎಂದು ಹೋಗಿದ್ದರು. ಮನೆಯಲ್ಲಿ ದುಡಿಯುವವರು ಮೇಷ್ಟ್ರೊಬ್ಬರೇ.

"ತಾಯಮ್ಮ, ನೀನು ಎಸೆಯೋ ತಲೆ ಒಂದು ಬೇಕಿತ್ತು" ಎಂದರು.

ಆಕೆ ಕತ್ತಿ ಕೆಳಗಿಟ್ಟಳು. "ಎಸಿಯಾದಾ? ಮೇಷ್ಟ್ರೇ, ರುಚಿ ಇರಾದೇ ತಲೇಲಿ ಕಣ. ನಮ್ಮಟ್ಟೀಲಿ ಅದ್ಕೇ ಜಗ್ಳ. ಕೊಯ್ಕೊಡ್ತೀನಿ, ತಕ್ಕೊಳಿ."

"ಅಯ್ಯೋ, ನನ್ನ ಹೆಸರಲ್ಲಿ ಒಂದೂ ಕೊಯ್ಬೇಡ!"

"ನಿಮ್ಮೆಸ್ರಲ್ಲಿ ಯಾಕೆ? ನನ್ನೊಟ್ಟೆ ಎಸ್ರಲ್ಲೇ ಕೊಯ್ಯಾದು. ತಲೆ ಯಾತಕ್ಕೆ, ಮೊದ್ಲು ಅದೇಳಿ."

ಸೋಮವಾರ ಇನ್ಸ್‌ಪೆಕ್ಟರ ಮುಂದೆ ಮಾಡಬೇಕಾದ ಪಾಠವನ್ನು ಮೇಷ್ಟ್ರು ದೂರದಿಂದಲೇ ಹೇಳಿದರು. ಕೋಟ್ಯಂತರ ವರ್ಷ ಹಿಂದಿನ ಮೀನುಗಳು ಕಲ್ಲಿನಲ್ಲಿ ಅಚ್ಚಾಗಿ ಸಿಕ್ಕಿವೆ. ಅವುಗಳ ತಲೆಗೆ ಮೂಳೆಯ ಕವಚವಿತ್ತು, ದವಡೆ ಇರಲಿಲ್ಲ. ಬಾಯೆಂದರೆ ಒಂದು ತೂತು. ಕೆಸರು ಹೀರಿ ಬದುಕುತ್ತಿದ್ದವು. ಕಾಲಾಂತರದಲ್ಲಿ ಕಿವಿರಿನ ಮುಂದಿನ ಮೂಳೆ ಬಾಗಿ ದವಡೆಯಾಯಿತು, ತುಟಿಯಂಚಿನ ಒರಟು ಚರ್ಮ ಹಲ್ಲಾಯಿತು ಅಂತ ಪುಸ್ತಕ ಹೇಳುತ್ತದೆ.

ಆಕೆ ಬಾಯಿ ತೆರೆದು ತನ್ನ ಮೂರು ಹಲ್ಲು ತೋರಿಸಿದಳು. "ಅಲ್ಲಿಲ್ದೆ ಚೀಪ್ಕಂಡೇ ಬದ್ಕಿದ್ವಾ? ಅಂಗಾರೆ ನಾನೂ ಆ ಕಾಲ್ದ ಮೀನೇ ಬುಡಿ."

ತನಗಾಗಿ ಕೊಯ್ಯಿಸಲು ಮನಸ್ಸೊಪ್ಪದೆ ಮೇಷ್ಟ್ರು ಬರಿಗೈಯಲ್ಲಿ ಹೋದರು.

ಸೋಮವಾರ ಬೆಳಿಗ್ಗೆ ಸ್ಕೂಲಿನ ಗೇಟಿನ ಬಳಿ ಆಕೆ ಮುತ್ತುಗದೆಲೆಯ ಪೊಟ್ಟಣ ಹಿಡಿದು ಕಾಯುತ್ತಿದ್ದಳು. ಒಳಗೆ ಗೆಂಡೆ ಮೀನಿನ ತಲೆಯ ಮೂಳೆಗಳು. ಬೆಂದು, ತೊಳೆದು, ಒಣಗಿ ಬೆಳ್ಳಗಾಗಿದ್ದವು. ಒಂದೂ ಮುರಿದಿರಲಿಲ್ಲ.

"ವಾರ್ಕೊಂದ್ಸಲ ನಮ್ಮಟ್ಟೀಲಿ ಮಾಡಾ ಸಾರಿಂದು, ನೆನ್ನೆದು. ಯಾರ್ಗೂ ಮುಟ್ಟಾಕೆ ಬುಡ್ನಿಲ್ಲ."

"ನೀನು ತಿನ್ನಲಿಲ್ವಾ?"

"ಮುರೀದಂಗೆ ಚೀಪಾಕಾಯ್ತದಾ? ಮೆತ್ಗಿದ್ದಿದ್ದು ಬೆಕ್ಕಿಗಾಯ್ತು." ಆಕೆ ಒಂದು ಬಾಗಿದ ಮೂಳೆ ಎತ್ತಿ ಹಿಡಿದಳು. "ಇದ್ರ ಬಾಯಾಗೆ ಒಂದಲ್ಲೂ ಇಲ್ಲ. ಇಲ್ನೋಡಿ, ಗಂಟ್ಲಾಗೆ ಐತೆ, ಕಿವ್ರಿನ ಇಂದೆ."

ಮೂರು ಹಲ್ಲಿನ ಹೆಂಗಸಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಸುಖ ಆ ತಲೆ ಚೀಪುವುದೊಂದೇ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಕರವಸ್ತ್ರ ಜೇಬು ಸೇರಿತು. ಹುಟ್ಟಿದ ಮೇಲೆ ಮೊದಲ ಸಲ ಮೀನಿನ ಮೂಳೆಯನ್ನು ಅಂಗೈಯಲ್ಲಿ ತೆಗೆದುಕೊಂಡರು. ಕಿವಿರಿನ ಸಾಲಿನ ಕಟ್ಟಕಡೆಯ ಮೂಳೆ, ಅದರ ಮೇಲೆ ಹಲ್ಲು! ಉಸಿರಾಟದ ಮೂಳೆಯೇ ಅಗಿಯುವ ಕೆಲಸಕ್ಕೆ ನಿಂತದ್ದು ಪುಸ್ತಕ ಬಿಟ್ಟು ಬೆರಳಿಗೇ ಸಿಕ್ಕಿತು.

ತರಗತಿಯಲ್ಲಿ ಇನ್ಸ್‌ಪೆಕ್ಟರು ಆ ಹಲ್ಲುಗಳನ್ನು ಮೂರು ಸಲ ಮುಟ್ಟಿ ನೋಡಿದರು. "ಯಾರ್ರೀ ಮೂಳೆ ಇಷ್ಟು ಚೆನ್ನಾಗಿ ಬಿಡಿಸಿದ್ದು?"

"ಪುಟ್ಟತಾಯಮ್ಮ ಅಂತ, ಸಾರ್. ಸೇತುವೆ ಹತ್ರ ಕೂತಿರ್ತಾರೆ."

ಆ ವರ್ಷವೇ ಕೆಲಸ ಕಾಯಂ ಆಯಿತು. ವರ್ಷವರ್ಷವೂ ಮೀನಿನ ಪಾಠಕ್ಕೆ ಆ ಮೂಳೆಗಳು ಮೇಜಿನ ಮೇಲೆ ಬರುತ್ತಿದ್ದವು. ಪುಟ್ಟತಾಯಮ್ಮ ೧೯೬೬ರಲ್ಲಿ ತೀರಿಕೊಂಡಳು.

ಸುಪಾರ್ಶ್ವ ಮೇಷ್ಟ್ರು ನನ್ನ ಅಣ್ಣ. ಅವರ ಆ ಕೆಲಸದಲ್ಲಿ ನಮ್ಮ ಮನೆ ಉಂಡಿತು, ನಾನು ಓದಿದೆ. ಅಷ್ಟಕ್ಕೂ ನಾನು ಪುಟ್ಟತಾಯಮ್ಮನಿಗೆ ಋಣಿ.