ಕಟ್ಟೆ ಕಾದವರ ಚಿತ್ರ

ಹಾಲೆಂಡಿನ ವೆಸ್ಟರ್‌ಹೇವನ್ ಬಂದರಿನಲ್ಲಿ ದೊಡ್ಡವರು ಯಾರಾದರೂ ಸತ್ತರೆ ಪಾದ್ರಿಗಿಂತ ಮೊದಲು ಆ ಮನೆ ತಲುಪುತ್ತಿದ್ದವಳು ಚಿತ್ರ ಕೆತ್ತುವ ಆಲೀದಾ. ತಾಮ್ರದ ತಗಡಿನಲ್ಲಿ ಮುಖ ಕೆತ್ತಿ, ಮಸಿ ಬಳಿದು, ಹೆಣ ಮಣ್ಣಾಗುವುದರೊಳಗೆ ನೂರು ಪ್ರತಿ ಅಚ್ಚು ಹಾಕುತ್ತಿದ್ದಳು. ಬೋಳುತಲೆಗೆ ಕೂದಲು, ಸಿಡುಕು ಮೋರೆಗೆ ನಗು ಅವಳ ಧಾರಾಳ ಕಾಣಿಕೆ. "ಹೋದವರನ್ನ ಊರು ನೆನೆಯೋದು ನನ್ನ ಉಳಿ ಹೇಳ್ದಂಗೆ" ಎನ್ನುತ್ತಿದ್ದಳು. ಸುಳ್ಳೇನಲ್ಲ, ಹಳೆಯ ಮೇಯರನ ಹೆಂಡತಿಯೇ ತನ್ನ ಗಂಡನಿಗೆ ಗುಂಗುರು ಕೂದಲಿತ್ತೆಂದು ನಂಬಿಬಿಟ್ಟಿದ್ದಳು. ಒಂದು ಚಳಿಗಾಲ ಸಮುದ್ರದ ನೀರು ಊರಿಗೆ ನುಗ್ಗದಂತೆ ತಡೆಯುವ ಕಟ್ಟೆ ಬಿರುಕುಬಿಟ್ಟಾಗ, ಅದಕ್ಕೆ ಮಣ್ಣಿನ ಮೂಟೆ ಒಡ್ಡುತ್ತ ಮೇಲ್ವಿಚಾರಕನೂ ಹನ್ನೊಂದು ಕೂಲಿಗಳೂ ನೀರುಪಾಲಾದರು, ಊರು ಉಳಿಯಿತು. ಪುರಸಭೆ ಕೇಳಿದ್ದು ಮೇಲ್ವಿಚಾರಕನ ಚಿತ್ರವನ್ನಷ್ಟೇ. ಆಲೀದಾ ಮನೆಮನೆ ಅಲೆದು, ತಾಯಂದಿರನ್ನು ಕೇಳಿ, ಹನ್ನೆರಡು ಮುಖಗಳನ್ನೂ ಸೊಟ್ಟ ಮೂಗು, ಮುರುಕು ಹಲ್ಲುಗಳ ಸಮೇತ ಇದ್ದಂತೆಯೇ ಕೆತ್ತಿದಳು. "ಈ ಕೂಲಿಯವರನ್ನ ಯಾರಮ್ಮ ಗೋಡೆಗೆ ಹಾಕ್ಕೋತಾರೆ?" ಎಂದ ಪುರಸಭೆಯ ಸದಸ್ಯ. "ಗೋಡೆ ನಿಂತಿರೋದೇ ಅವರಿಂದ, ಸ್ವಾಮಿ" ಎಂದಳು. ಅಚ್ಚಾದ ದಿನವೇ ಮಧ್ಯಾಹ್ನದೊಳಗೆ ಪ್ರತಿಗಳೆಲ್ಲ ಮಾರಿಹೋದವು. ಬೇಕರಿಯಲ್ಲಿ, ಹೆಂಡದಂಗಡಿಯಲ್ಲಿ, ಇಗರ್ಜಿಯ ಬಾಗಿಲಲ್ಲಿ ಆ ಮುಖಗಳೇ. ಮರುವರ್ಷ ಪುರಸಭೆ ಸ್ಮಾರಕದ ಕಲ್ಲು ನಿಲ್ಲಿಸಹೊರಟಾಗ ಒಂದೇ ಹೆಸರು ಬರೆಸುವ ಧೈರ್ಯ ಯಾರಿಗೂ ಬರಲಿಲ್ಲ. ಹನ್ನೆರಡು ಹೆಸರುಗಳೂ ಅಕ್ಷರಾನುಕ್ರಮದಲ್ಲಿ ಬಂದವು; ಮೇಲ್ವಿಚಾರಕನದು ಒಂಬತ್ತನೆಯದು.