ಹೊಳ್ಳಿ ನೋಡದ ನರಿಮರಿ

ಗುಡಗೇರಿ ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿತ್ತೆಂದರೆ ಸಂತೆಗೆ ಬಂದವರು ಬಂದ ಕೆಲಸ ಮರೆತು ಒಳಗೆ ನುಗ್ಗುತ್ತಿದ್ದರು. ದೊಡ್ಡ ಸಿನಿಮಾಕ್ಕಲ್ಲ, ಅದಕ್ಕೂ ಮೊದಲು ತೋರಿಸುವ ಹತ್ತು ನಿಮಿಷದ ಕಾರ್ಟೂನಿಗೆ. ಅದರ ಭಾಷೆ ಯಾವ ದೇಶದ್ದೋ, ದೇವರೇ ಬಲ್ಲ. ಪರದೆಯ ಪಕ್ಕ ಮೈಕು ಹಿಡಿದು ನಿಂತ ಬುಡನಸಾಬ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಮುದಿ ಕರಡಿಯೊಂದು ದಿಕ್ಕಿಲ್ಲದ ನರಿಮರಿಯನ್ನು ಸಾಕುತ್ತದೆ. ಕೊನೆಗೆ ಮರಿಯ ಅಪ್ಪ ನರಿ ಬಂದು ಅದನ್ನು ಕರೆದೊಯ್ಯುತ್ತದೆ.

"ನೋಡ್ರಿ, ಗುಡ್ಡಾ ಏರೂ ಮುಂದ ಮರಿ ಹೊಳ್ಳಿ ನೋಡ್ತು!" ಎಂದು ಅವನು ಕೂಗಿದೊಡನೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಸಲಿಗೆ ಮರಿ ತಿರುಗಿ ನೋಡುವುದೇ ಇಲ್ಲ. ಅಷ್ಟರಲ್ಲಿ ಅದು ಚುಕ್ಕಿಯಷ್ಟಾಗಿರುತ್ತಿತ್ತು, ಯಾರಿಗೆ ಕಾಣಬೇಕು? ಮಶೀನು ನಡೆಸುವ ಗಂಗಪ್ಪನಿಗೆ ಮಾತ್ರ ಗೊತ್ತಿತ್ತು.

"ಕಾಕಾ, ಸುಳ್ಳ ಯಾಕ ಹೇಳ್ತಿ?"

"ಸುಮ್ನಿರಲೇ. ಸಾಕಿದಂವಗ ಅಷ್ಟಾದ್ರೂ ಬ್ಯಾಡೇನು?"

ಗಂಗಪ್ಪ ಎರಡು ವರ್ಷದವನಿದ್ದಾಗ ಅವನ ತಾಯಿ ಸತ್ತಳು. ಅಪ್ಪ, ತಂಬೂರು ಎಂಬ ಊರಿನ ಗುಡದಪ್ಪ, ದೀಪಾವಳಿಗೆ ಬರುತ್ತೇನೆಂದು ಮಗುವನ್ನು ಗೆಳೆಯ ಬುಡನಸಾಬನ ಕೈಗಿಟ್ಟು ಗೋವೆಯ ಗಣಿಗೆ ಹೋದ. ಹದಿನೈದು ದೀಪಾವಳಿ ಕಳೆದವು. ಬುಡನಸಾಬ ಮದುವೆಯ ಗೋಜಿಗೇ ಹೋಗದೆ ಹುಡುಗನನ್ನು ಬೆಳೆಸಿದ. ಆದರೆ ಇಂದಲ್ಲ ನಾಳೆ ಗುಡದಪ್ಪ ಬಂದಾನೆಂದು ತನ್ನನ್ನು 'ಕಾಕಾ' ಎಂದೇ ಕರೆಯಲು ಕಲಿಸಿದ. ಪೆದ್ದ ಮುಂಡೇದು! ಅಪ್ಪ ಎನ್ನಿಸಿಕೊಂಡಿದ್ದರೆ ಯಾರು ಬೇಡವೆನ್ನುತ್ತಿದ್ದರು?

ಎಪ್ಪತ್ತೇಳರ ಚಳಿಗಾಲದಲ್ಲಿ ಗುಡದಪ್ಪ ಬಂದೇಬಿಟ್ಟ. ತನ್ನೂರಲ್ಲಿ ಹೊಲ ಹಿಡಿದಿದ್ದ, ಕೈಗೆ ಬಂದ ಮಗ ಬೇಕಾಗಿದ್ದ.

"ಇಷ್ಟ ವರ್ಷ ಜ್ವಾಕಿ ಮಾಡಿದಿ, ನಿನ್ನ ಉಪಕಾರ ಮರಿಯಂಗಿಲ್ಲ. ನಾಳೆ ಮುಂಜಾನೆ ಕರಕೊಂಡ ಹೋಗ್ತೀನಿ," ಎಂದ.

ಗಂಗಪ್ಪ ಬುಡನಸಾಬನ ಮುಖವನ್ನೇ ನೋಡುತ್ತಿದ್ದ.

"ನಾ ಏನ್ ಮಾಡ್ಲಿ ಕಾಕಾ?"

ಹೋಗಬೇಡ ಎಂಬ ಒಂದೇ ಮಾತಿಗೆ ಹುಡುಗ ಕಾಯುತ್ತಿದ್ದನೆಂದು ಎಂಥವನಿಗೂ ತಿಳಿಯುತ್ತಿತ್ತು. ಆದರೆ ಕಾಕಾನಾದವನಿಗೆ ಯಾವ ಹಕ್ಕು ಎಂದುಕೊಂಡ ಬುಡನಸಾಬ.

"ಹಡದಪ್ಪ ಬಂದಾನ. ಹೋಗು."

ಗಂಗಪ್ಪನ ಮುಖ ಬಾಡಿತು. ಮರುದಿನ ಹುಬ್ಬಳ್ಳಿ ರೈಲಿನಲ್ಲಿ ಅವನು ಬೇಕೆಂದೇ ಆಚೆ ಬದಿಯ ಕಿಟಕಿಗೆ ಕೂತ. ರೈಲು ಸಿಗ್ನಲ್ ದಾಟುವವರೆಗೂ ಬುಡನಸಾಬ ಪ್ಲಾಟ್‌ಫಾರ್ಮಿನಲ್ಲಿ ಕತ್ತು ಚಾಚಿ ನಿಂತಿದ್ದ. ಹುಡುಗ ತಿರುಗಲಿಲ್ಲ. ತಾನೇ ಹೋಗೆಂದವನು, ಇನ್ನು ಯಾರನ್ನು ಬೈಯಬೇಕು?

ಮುಂದಿನ ಸಂತೆಯ ದಿನ ಡೇರೆ ತುಂಬಿತು. ಮಶೀನಿಗೆ ಹೊಸಬನಿದ್ದ. ನರಿಮರಿ ಗುಡ್ಡ ಏರತೊಡಗಿತು, ಬುಡನಸಾಬನ ಬಾಯಿ ಕಟ್ಟಿತು. ಮೆಣಸಿನಕಾಯಿ ಮಾರುವ ರೇಣುಕವ್ವನಿಗೆ ಈ ಕಥೆ ಬಾಯಿಪಾಠ. ಮುಂದಿನ ಸಾಲಿನಿಂದ ಅವಳೇ ಕೂಗಿದಳು:

"ಯಾಕ ಸುಮ್ನಾದಿ ಸಾಬಾ? ಮರಿ ಹೊಳ್ಳಿ ನೋಡ್ತೋ ಇಲ್ಲೋ?"

ಅವನು ಪರದೆಯತ್ತ ತಿರುಗಿದ. ಚುಕ್ಕಿ ಆಗಲೇ ಅಳಿಸಿಹೋಗುತ್ತಿತ್ತು.

"ನೋಡ್ತು ಬೇ ಯವ್ವಾ," ಎಂದ. ಮೈಕಿನಲ್ಲಿ ಅವನ ಅಳು ಡೇರೆಗೆಲ್ಲ ಕೇಳಿಸಿತು. "ನೋಡ್ತು."

ಹೆಂಗಸರು ಎಂದಿನಂತೆ ಕಣ್ಣೊರೆಸಿಕೊಂಡರು.